ಎರಡು ರೂಪಾಯಿಯ ತಕರಾರು

ಚುನಾವಣಾ ಅಧಿಕಾರಿ ಅಂದ್ರೆ ನಿಮ್ಮ ಕಣ್ಣ ಮುಂದೆ ಯಾರು ಬರ್ತಾರೆ? ಹತ್ತರಲ್ಲಿ ಒಂಬತ್ತು ಜನ ಟಿ.ಎನ್. ಶೇಷನ್ ಅಂತಾರೆ. ತಪ್ಪೇನಿಲ್ಲ. 1990ರ ಡಿಸೆಂಬರಿನಿಂದ 1996ರ ತನಕ ಆ ಮನುಷ್ಯ ರಾಜಕಾರಣಿಗಳ ನಿದ್ದೆ ಕೆಡಿಸಿದ್ದು, ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಬೇಕೇ ಬೇಕು ಅಂತ ಹಠ ಹಿಡಿದದ್ದು ನಮ್ಮ ತಲೆಮಾರಿನವರಿಗೆ ಚೆನ್ನಾಗಿ ನೆನಪಿದೆ. (ಅವರಿಗಿಂತ ಮುಂಚೆ ಎರಡೇ ಎರಡು ವಾರ ಅದೇ ಕುರ್ಚಿಯಲ್ಲಿ ಕೂತಿದ್ದವರು ವಿ.ಎಸ್. ರಮಾದೇವಿ. ಆ ಹುದ್ದೆಗೇರಿದ ಮೊದಲ ಮಹಿಳೆ. ಆಮೇಲೆ ನಮ್ಮ ಕರ್ನಾಟಕಕ್ಕೇ ರಾಜ್ಯಪಾಲರಾಗಿ ಬಂದರು. ಕ್ವಿಜ್‌ಗೆ ಚೆನ್ನಾಗಿರೋ ಪ್ರಶ್ನೆ ಅಲ್ವಾ? :-) )

ಆದರೆ ನಾನು ಹೇಳಹೊರಟಿರೋದು ದೆಹಲಿಯಲ್ಲಿ ಕೂತವರ ಕಥೆ ಅಲ್ಲ. ಊರ ಶಾಲೆಯ ಮುರುಕು ಬೆಂಚಿನ ಮೇಲೆ ಕೂತು, ಕೊರಳಿಗೆ ಒಂದು ಕಾರ್ಡು ನೇತುಹಾಕಿಕೊಂಡು, ಬೆಳಗಿನಿಂದ ಸಂಜೆ ತನಕ ಮೂತ್ರಕ್ಕೂ ಎದ್ದು ಹೋಗಲು ಪುರಸೊತ್ತಿಲ್ಲದ ಜನರ ಕಥೆ. ಅಂದರೆ ನನ್ನಂಥವರದು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. 1999ರಲ್ಲಿ ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ ಬಂದಾಗ ಮೊದಲ ಸಲ ಡ್ಯೂಟಿ ಬಿತ್ತು. ಆಗ ನಮ್ಮ ಕಡೆ ಇನ್ನೂ ಮತಪೆಟ್ಟಿಗೆ. ಆಮೇಲೆ ಮತಯಂತ್ರ ಬಂತು, ವಿವಿಪ್ಯಾಟ್ ಬಂತು. ಮೂರನೇ ಪೋಲಿಂಗ್ ಆಫೀಸರ್ ಆಗಿ ಶುರು ಮಾಡಿದವನು ಪ್ರಿಸೈಡಿಂಗ್ ಆಫೀಸರ್ ಆದೆ. ಮತಗಟ್ಟೆ ಅಧ್ಯಕ್ಷಾಧಿಕಾರಿ ಅಂತ ಅದರ ಕನ್ನಡ. ಹೆಸರೇನೋ ದೊಡ್ಡದು, ಕೈಗೆ ಸಿಗೋದು ಒಂದು ಚೀಲ.

ಆ ಚೀಲದ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮತದಾನದ ಹಿಂದಿನ ದಿನ ತಾಲೂಕು ಕೇಂದ್ರದಲ್ಲಿ ಮಸ್ಟರಿಂಗ್ ಅಂತ ಜಾತ್ರೆ ನಡೆಯುತ್ತೆ. ಶಾಮಿಯಾನ, ಮೈಕು, ಚಿತ್ರಾನ್ನ, ಯಾರದೋ ಹೆಸರು ಕೂಗುತ್ತಾ ಇರೋದು. ಅಲ್ಲಿ ಯಂತ್ರದ ಜೊತೆ ಒಂದು ಚೀಲ ಕೊಡ್ತಾರೆ. ಅದರಲ್ಲಿ ಅರಗು, ದಾರ, ಸೀಲು, ಬಣ್ಣಬಣ್ಣದ ಲಕೋಟೆಗಳು, ಲೆಕ್ಕವಿಲ್ಲದಷ್ಟು ನಮೂನೆಗಳು, ಮತ್ತೆ ನಮ್ಮ ಮೈಸೂರಿನ ಶಾಯಿ. ಹೌದು, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದ ಕಾರ್ಖಾನೆಯಿಂದ 1962ರ ಚುನಾವಣೆಯಿಂದೀಚೆಗೆ ಇಡೀ ದೇಶದ ಬೆರಳಿಗೆ ಹೋಗುತ್ತಿರೋ ಶಾಯಿ. ಅದನ್ನು ನೋಡಿದಾಗಲೆಲ್ಲ ನನಗೆ ಸಣ್ಣ ಹೆಮ್ಮೆ. ಒಂದೇ ಒಂದು ನಮೂನೆ ಕಮ್ಮಿ ಬಿದ್ದರೂ ಮಾರನೇ ರಾತ್ರಿ ಡಿಮಸ್ಟರಿಂಗ್ ಕೌಂಟರಿನಲ್ಲಿ ನಿಂತೇ ಬೆಳಗಾಗುತ್ತೆ ಅನ್ನೋ ಭಯದಲ್ಲಿ ಎಲ್ಲರೂ ನೆಲದ ಮೇಲೆ ಹರಡಿಕೊಂಡು ಎಣಿಸ್ತಾರೆ. ಬಸ್ಸು ಹತ್ತಿ ಊರು ಸೇರಿ, ಸೊಳ್ಳೆ ಜೊತೆ ಶಾಲೆಯಲ್ಲೇ ಮಲಗಿ, ಕೋಳಿ ಕೂಗುವ ಮೊದಲೇ ಎದ್ದು, ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿಸಿ, ಲೆಕ್ಕ ತೋರಿಸಿ, ಅಳಿಸಿ, ಸೀಲು ಮಾಡಬೇಕು. ಇದೆಲ್ಲ ಮುಗಿದಾಗ ಏಳು ಗಂಟೆ. ಬಾಗಿಲ ಹೊರಗೆ ಆಗಲೇ ಸಾಲು.

ಆ ಒಂದು ದಿನ ಕಾನೂನಿನ ಪ್ರಕಾರ ನಾನು ಶಿಕ್ಷಣ ಇಲಾಖೆಯವನಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 28ಎ ಕಲಮಿನ ಪ್ರಕಾರ ನಾವೆಲ್ಲ ಚುನಾವಣಾ ಆಯೋಗಕ್ಕೆ ಎರವಲು ಹೋದವರು. ಆಯೋಗಕ್ಕೆ ಸ್ವಂತ ನೌಕರರು ಇರೋದು ಬೆರಳೆಣಿಕೆಯಷ್ಟು. 2024ರ ಲೋಕಸಭೆ ಚುನಾವಣೆಗೆ ಸುಮಾರು ಹತ್ತೂವರೆ ಲಕ್ಷ ಮತಗಟ್ಟೆ, ಭದ್ರತೆಯವರೂ ಸೇರಿ ಒಂದೂವರೆ ಕೋಟಿ ಸಿಬ್ಬಂದಿ ಅಂತ ಆಯೋಗವೇ ಹೇಳಿತ್ತು. ಅಷ್ಟೂ ಎರವಲು! ಬ್ಯಾಂಕಿನವರು, ಎಂಜಿನಿಯರುಗಳು, ಗ್ರಾಮಲೆಕ್ಕಿಗರು, ಮತ್ತೆ ಎಲ್ಲದಕ್ಕೂ ಸಿಗುವ ನಾವು ಮೇಷ್ಟ್ರುಗಳು. ಸಂವಿಧಾನದ 326ನೇ ವಿಧಿಯಲ್ಲಿ ಪ್ರತಿ ವಯಸ್ಕನಿಗೂ ಮತದ ಹಕ್ಕು ಅಂತ ಬರೆದಿದೆಯಲ್ಲ, ಅದು ನಿಜವಾಗಿ ಆ ವ್ಯಕ್ತಿಯ ಕೈಗೆ ಸಿಗಬೇಕಾದರೆ ನಮ್ಮಂಥವರ ಮೇಜನ್ನು ದಾಟಿಯೇ ಹೋಗಬೇಕು.

ಸರಿ, ಈಗ ಎರಡು ರೂಪಾಯಿಯ ವಿಷಯ.

ಒಂದು ವಿಧಾನಸಭೆ ಚುನಾವಣೆಯಲ್ಲಿ ನಡೆದದ್ದು. ಊರು, ಪಕ್ಷ ಬೇಡ ಬಿಡಿ. ಮಧ್ಯಾಹ್ನ ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗ ಬಂದ. ಜೀನ್ಸ್ ಪ್ಯಾಂಟು, ಕಿವಿಗೆ ಇಯರ್‌ಫೋನು. ಮೊದಲನೇ ಆಫೀಸರು ಹೆಸರು ಓದಿದ ಕೂಡಲೇ ಏಜೆಂಟರೊಬ್ಬರು ಎದ್ದು ನಿಂತರು. "ಸಾರ್, ಇವನು ಈ ಊರವನಲ್ಲ. ಬೆಂಗಳೂರಲ್ಲಿರೋನು. ಇವನ ಮೇಲೆ ನನ್ನ ತಕರಾರಿದೆ." ಹುಡುಗನ ಮುಖ ಕೆಂಪಾಯ್ತು. ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು.

ಇದಕ್ಕೆ ನಿಯಮ ಇದೆ. ಚಾಲೆಂಜ್ಡ್ ವೋಟ್ ಅಂತ. ತಕರಾರು ಮಾಡುವ ಏಜೆಂಟ್ ಮೊದಲು ಎರಡು ರೂಪಾಯಿ ಠೇವಣಿ ಇಡಬೇಕು. 1961ರ ಚುನಾವಣಾ ನಿಯಮಗಳಲ್ಲಿ ಇರುವ ಮೊತ್ತ. ಇವತ್ತು ಎರಡು ರೂಪಾಯಿಗೆ ಒಂದು ಬೀಡಿ ಸಿಕ್ಕರೆ ಹೆಚ್ಚು. ಆದರೂ ಅದನ್ನು ಕೇಳಿದಾಗ ಏಜೆಂಟ್ ಒಂದು ಕ್ಷಣ ತಡವರಿಸಿದರು, ನೋಡಬೇಕಿತ್ತು! ದುಡ್ಡಿಗಲ್ಲ, ರಸೀದಿಗೆ. ರಸೀದಿಯಲ್ಲಿ ಅವರ ಹೆಸರು ಬರುತ್ತಲ್ಲ.

ಎರಡು ರೂಪಾಯಿ ತಗೊಂಡೆ, ರಸೀದಿ ಕೊಟ್ಟೆ. ಆಮೇಲೆ ನಾನು ಪ್ರಶ್ನೆ ಕೇಳಿದ್ದು ಹುಡುಗನಿಗಲ್ಲ, ಏಜೆಂಟರಿಗೆ. "ಈತ ಪಟ್ಟಿಯಲ್ಲಿರುವ ವ್ಯಕ್ತಿ ಅಲ್ಲ ಅನ್ನೋದಕ್ಕೆ ನಿಮ್ಮ ಹತ್ತಿರ ಏನಿದೆ?" ಅಧ್ಯಕ್ಷಾಧಿಕಾರಿಗಳಿಗೆ ಕೊಡುವ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿದೆ. ತಕರಾರು ಮಾಡಿದವನೇ ಮೊದಲು ಪುರಾವೆ ಕೊಡಬೇಕು. ಮೇಲ್ನೋಟಕ್ಕಾದರೂ ನಂಬುವಂಥದ್ದು ಕೊಡದಿದ್ದರೆ ಅಲ್ಲಿಗೆ ತಕರಾರು ವಜಾ, ಮತದಾರ ಒಳಗೆ ಹೋಗಿ ವೋಟು ಹಾಕಬಹುದು. ಕೊಟ್ಟರೆ ಮಾತ್ರ ಮತದಾರ ತಾನೇ ಅವನು ಅಂತ ತೋರಿಸಬೇಕು. ಇನ್ನೂ ಒಂದು ಸೂಕ್ಷ್ಮ ಇದೆ ನೋಡಿ: ಅಲ್ಲಿ ನಾನು ತೀರ್ಮಾನಿಸಬೇಕಾದದ್ದು ಪಟ್ಟಿಯಲ್ಲಿರುವ ಹೆಸರು ಇವನದೇನಾ ಅನ್ನೋದನ್ನು ಮಾತ್ರ. ಇವನು ಈ ಊರಲ್ಲಿರಬೇಕಾ, ಬೆಂಗಳೂರಲ್ಲಿರಬೇಕಾ ಅನ್ನೋದು ಮತದಾನದ ದಿನ ನನ್ನ ಮೇಜಿನ ಮುಂದೆ ಎತ್ತುವ ಪ್ರಶ್ನೆಯೇ ಅಲ್ಲ.

ಏಜೆಂಟ್ ಹತ್ತಿರ ಏನೂ ಇರಲಿಲ್ಲ. "ಊರಿಗೆಲ್ಲ ಗೊತ್ತು ಸಾರ್" ಅಂದರು. ಊರಿಗೆಲ್ಲ ಗೊತ್ತಿದ್ದದ್ದು ಅವನು ಯಾರ ಮಗ ಅನ್ನೋದು! ಸಾಲಿನಲ್ಲಿದ್ದ ಅಜ್ಜ ಒಬ್ಬರು "ಅವ್ನು ನಮ್ಮ ಕೆಳಗಿನ ಕೇರಿ ಹುಡ್ಗ ಅಲ್ವೇನೋ" ಅಂತ ನಕ್ಕರು. ಹುಡುಗ ವೋಟು ಹಾಕಿ ಹೋದ. ತಕರಾರು ಸುಮ್ಮನೆ ಮಾಡಿದ್ದು ಅಂತ ಕಂಡರೆ ಆ ಎರಡು ರೂಪಾಯಿ ಸರ್ಕಾರಕ್ಕೆ ಜಮಾ. ಜಮಾ ಮಾಡಿದೆ. ಕೆಳಗಿನ ಕೇರಿ ಅಂದರೆ ಯಾವುದು, ಏಜೆಂಟ್ ಯಾವ ಬೀದಿಯವರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ತಕರಾರುಗಳು ಮೇಲಿನ ಬೀದಿಯವರ ಮೇಲೆ ಬಂದದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ.

ಅನುಮಾನ ಪಟ್ಟವನೇ ಪುರಾವೆ ತರಲಿ, ಅನುಮಾನಕ್ಕೆ ಒಳಗಾದವನಲ್ಲ. ಈ ಒಂದು ಸಾಲು ನನಗೆ ಚುನಾವಣಾ ಕಾನೂನಿನಲ್ಲೆಲ್ಲ ಅತಿ ಹೆಚ್ಚು ಇಷ್ಟವಾದದ್ದು. ಯಾಕೆ ಅಂತ ಮುಂದೆ ಹೇಳ್ತೀನಿ.

ಇದರ ಪಕ್ಕದಲ್ಲೇ ಇನ್ನೊಂದು ನಿಯಮ ಇದೆ, 49ಪಿ, ಟೆಂಡರ್ಡ್ ವೋಟ್. ಬೇರೊಂದು ಚುನಾವಣೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಅರವತ್ತು ದಾಟಿದ ಒಬ್ಬ ಅಮ್ಮ ಬಂದರು. ಕೂಲಿ ಮುಗಿಸಿ, ಕಾಲು ತೊಳೆದುಕೊಂಡು, ಒಗೆದ ಸೀರೆ ಉಟ್ಟುಕೊಂಡು ಬಂದಿದ್ದರು. ಪಟ್ಟಿ ನೋಡಿದರೆ ಅವರ ಹೆಸರಿಗೆ ಆಗಲೇ ಗೆರೆ ಬಿದ್ದಿದೆ. ಬೆಳಿಗ್ಗೆ ನೂಕುನುಗ್ಗಲಿನ ಹೊತ್ತಲ್ಲಿ ಯಾರೋ ಅವರ ಹೆಸರಲ್ಲಿ ಹಾಕಿ ಹೋಗಿದ್ದಾರೆ, ಅಲ್ಲೇ ಕೂತಿದ್ದ ನಾಲ್ಕು ಜನ ಏಜೆಂಟರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಅಮ್ಮನ ಬೆರಳು ನೋಡಿದೆ. ಸುಣ್ಣದ ಕಲೆ ಇತ್ತು, ಶಾಯಿ ಇರಲಿಲ್ಲ. "ನಿಮ್ದು ಆಗೋಯ್ತಂತೆ, ಹೋಗಮ್ಮ" ಅಂತ ಏಜೆಂಟರೇ ಹೇಳಿ ಕಳಿಸುವುದರಲ್ಲಿದ್ದರು. ಅವರೂ ತಿರುಗಿ ಹೊರಟೇಬಿಟ್ಟಿದ್ದರು. ಜಗಳವಿಲ್ಲ, ಕೂಗಾಟವಿಲ್ಲ. ಜೀವನವಿಡೀ ಕೌಂಟರುಗಳಿಂದ ಹಾಗೆ ತಿರುಗಿ ಹೋಗಿ ಅಭ್ಯಾಸ ಆಗಿರುತ್ತಲ್ಲ, ಆ ಥರ.

ಕರೆದು ಕೂರಿಸಿದೆ. ಗುರುತಿನ ಚೀಟಿ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಅವರೇ ಅವರು ಅಂತ ಖಾತ್ರಿಯಾದ ಮೇಲೆ 17ಬಿ ನಮೂನೆಯಲ್ಲಿ ಹೆಸರು ಬರೆದು ಹೆಬ್ಬೆಟ್ಟು ಹಾಕಿಸಿ, ಕಾಗದದ ಮತಪತ್ರ ಕೊಟ್ಟೆ. ಯಂತ್ರದಲ್ಲಿ ಹಾಕುವ ಹಾಗಿಲ್ಲ. ಹಳೇ ಕಾಲದಂತೆ ಬಾಣದ ಗುರುತಿನ ಮೊಹರು ಒತ್ತಬೇಕು, ಮಡಚಿ ನನ್ನ ಕೈಗೇ ಕೊಡಬೇಕು, ನಾನದನ್ನು ಬೇರೆ ಲಕೋಟೆಗೆ ಹಾಕಬೇಕು. ಸಾಲಿನಲ್ಲಿದ್ದವರಿಗೆ ಸಿಟ್ಟು, ನನ್ನ ಜೊತೆಯ ಆಫೀಸರಿಗೂ ಸ್ವಲ್ಪ ಸಿಟ್ಟು. ಹತ್ತು ನಿಮಿಷ ಹೋಯ್ತು.

ಮುಗಿಸಿ ಎದ್ದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಇದನ್ನ ಎಣಿಸ್ತಾರಾ ಸ್ವಾಮಿ?"

ಎಣಿಸೋದಿಲ್ಲ. ಅದೇ ಈ ನಿಯಮದ ಒಳಗಿನ ಮುಳ್ಳು. ಟೆಂಡರ್ಡ್ ಮತಗಳ ಲಕೋಟೆಯನ್ನು ಎಣಿಕೆಯ ದಿನ ತೆರೆಯೋದೇ ಇಲ್ಲ. ಗೆಲುವಿನ ಅಂತರ ತೀರಾ ಕಮ್ಮಿ ಇದ್ದು, ಯಾರಾದರೂ ಹೈಕೋರ್ಟಿಗೆ ಹೋಗಿ, ಕೋರ್ಟು ತೆರೆಯಿರಿ ಅಂದರೆ ಮಾತ್ರ ಅದಕ್ಕೆ ಜೀವ. ನಾನು ಅದನ್ನೇ ಹೇಳಿದೆ. "ಈಗ ಎಣಿಸಲ್ಲಮ್ಮ. ಜಗಳ ಕೋರ್ಟಿಗೆ ಹೋದರೆ ಆಗ ನಿಮ್ಮ ವೋಟು ಮಾತಾಡುತ್ತೆ." ಅವರು ಸ್ವಲ್ಪ ಹೊತ್ತು ಯೋಚಿಸಿ "ಇರ್ಲಿ, ನಾನ್ ಬಂದಿದ್ದೆ ಅಂತ ಬರ್ಕಂಡ್ರಲ್ಲ" ಅಂದು ಹೋದರು.

ಇದೇನು ಬರೀ ಕಾಗದದ ಸಮಾಧಾನವಾ ಅಂತ ನಿಮಗನ್ನಿಸಬಹುದು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದೇ ಒಂದು ಮತದಿಂದ ಸೋತರು. ಅವರು ಕೋರ್ಟಿಗೆ ಹೋದಾಗ ವಾದಕ್ಕೆ ಬಂದದ್ದು ಇಂಥವೇ ಲಕೋಟೆಗಳು. ಟೆಂಡರ್ಡ್ ಮತಗಳ ಆ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಷ್ಟು ದೂರ ಯಾಕೆ, ನಮ್ಮ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಇಲ್ಲವೇ? 2004ರಲ್ಲಿ ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದು ಮತ! ಆಮೇಲೆ ಕ್ಷೇತ್ರ ಪುನರ್ವಿಂಗಡಣೆಯಾಗಿ 2008ರ ಚುನಾವಣೆ ಹೊತ್ತಿಗೆ ಆ ಕ್ಷೇತ್ರವೇ ಇರಲಿಲ್ಲ, ಆದರೆ ಆ ಒಂದು ಮತದ ಮಾತು ನಮ್ಮ ಪ್ರತಿ ತರಬೇತಿಯಲ್ಲೂ ಬರುತ್ತೆ. 2023ರಲ್ಲಿ ಬೆಂಗಳೂರಿನ ಜಯನಗರ 16 ಮತಗಳಲ್ಲಿ ತೀರ್ಮಾನವಾಯ್ತು. ಇಂಥ ಕಡೆ ಹೋದ ಅಮ್ಮಂದಿರೆಷ್ಟು, ಅವರನ್ನು ತಿರುಗಿಸಿ ಕಳಿಸಿದ ಮೇಷ್ಟ್ರುಗಳೆಷ್ಟು ಅಂತ ಲೆಕ್ಕ ಇಟ್ಟವರ್ಯಾರು?

ಮತಗಟ್ಟೆಯ ಒಳಗೆ ನಮಗೆ ಸಾಕಷ್ಟು ಅಧಿಕಾರ ಇದೆ. ಪಟ್ಟಿಯಲ್ಲಿ "ಲಕ್ಷ್ಮಮ್ಮ" ಹೋಗಿ "ಲಕ್ಷಮ್ಮ" ಆಗಿದ್ದರೆ, ವಯಸ್ಸು 46 ಹೋಗಿ 64 ಆಗಿದ್ದರೆ, ಅಂಥ ಅಚ್ಚಿನ ದೋಷವನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ನಿಯಮವೇ ಹೇಳುತ್ತೆ. ಸಂಜೆ ಸಮಯ ಮುಗಿದಾಗ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಕೊಟ್ಟು ರಾತ್ರಿ ಎಷ್ಟೇ ಹೊತ್ತಾದರೂ ಹಾಕಿಸಬೇಕು. (ಚೀಟಿ ಹಂಚೋದು ಸಾಲಿನ ಕೊನೆಯವನಿಂದ ಶುರು ಮಾಡಬೇಕು, ಗೊತ್ತಾ? ಇಲ್ಲದಿದ್ದರೆ ಹಂಚುವಷ್ಟರಲ್ಲಿ ಬಾಲ ಬೆಳೆಯುತ್ತಲೇ ಇರುತ್ತೆ :-) ) ಆದರೆ ಒಂದು ವಿಷಯದಲ್ಲಿ ಮಾತ್ರ ನಮ್ಮ ಕೈ ಕಟ್ಟಿಹಾಕಿದೆ. ಪಟ್ಟಿಯಲ್ಲಿ ಹೆಸರೇ ಇಲ್ಲ ಅಂದರೆ ಮುಗೀತು. ಕೈಯಲ್ಲಿ ಗುರುತಿನ ಚೀಟಿ ಹಿಡಿದು "ಹೋದ ಸಲ ಇಲ್ಲೇ ಹಾಕಿದ್ದೆ ಸಾರ್" ಅಂತ ನಿಂತವರಿಗೆ ಇಲ್ಲ ಅನ್ನೋದಿದೆಯಲ್ಲ, ಆ ದಿನದ ಎಲ್ಲ ಕೆಲಸಕ್ಕಿಂತ ಕಷ್ಟದ್ದು ಅದು. ಅಂದರೆ ನಿಜವಾದ ಆಟ ಮತದಾನದ ದಿನಕ್ಕಿಂತ ತಿಂಗಳುಗಟ್ಟಲೆ ಮೊದಲೇ, ಪಟ್ಟಿ ಬರೆಯುವಾಗಲೇ ಆಗಿಹೋಗಿರುತ್ತೆ.

ಪಟ್ಟಿಯ ಕಥೆ ದೊಡ್ಡದು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು. ಸಂವಿಧಾನ ಇನ್ನೂ ಕರಡಿನಲ್ಲಿದ್ದಾಗಲೇ, 1947ರ ಕೊನೆಯಿಂದಲೇ ಅವರ ಕಚೇರಿ ಎಲ್ಲ ವಯಸ್ಕರ ಮತದಾರರ ಪಟ್ಟಿ ಹೇಗೆ ಮಾಡೋದು ಅಂತ ಪ್ರಾಂತಗಳಿಗೆ, ಸಂಸ್ಥಾನಗಳಿಗೆ ಬರೆಯಲು ಶುರು ಮಾಡಿತ್ತು. ದೇಶ ವಿಭಜನೆಯಾಗಿ ಗಡಿ ದಾಟಿ ಬಂದ ನಿರಾಶ್ರಿತರ ಹತ್ತಿರ ಮನೆಯಿಲ್ಲ, ಕಾಗದವಿಲ್ಲ. ಇಷ್ಟು ದಿನ ಇಲ್ಲಿ ವಾಸವಿರಬೇಕು ಅನ್ನೋ ಷರತ್ತು ಹಾಕಿದರೆ ಒಬ್ಬರೂ ಪಟ್ಟಿಗೆ ಬರೋದಿಲ್ಲ. ಆಗ ಆ ಕಚೇರಿ ಹೇಳಿದ್ದು: ಇಲ್ಲೇ ಕಾಯಂ ಆಗಿ ಇರ್ತೀನಿ ಅಂತ ಅವರು ಬರೆದುಕೊಟ್ಟರೆ ಸಾಕು, ಸದ್ಯಕ್ಕೆ ಹೆಸರು ಸೇರಿಸಿ. ಯೋಚನೆ ಮಾಡಿ, ದೇಶ ಹೊತ್ತಿ ಉರಿಯುತ್ತಿದ್ದ ಹೊತ್ತು ಅದು. ಗುಮಾಸ್ತರಿಗೆ ಹೋದ ಸೂಚನೆ ಮಾತ್ರ ನಂಬಿ ಬರೆದುಕೊಳ್ಳಿ ಅಂತ!

ಅದೇ ಪಟ್ಟಿಯ ಇನ್ನೊಂದು ಮುಖವೂ ಇದೆ. 1951-52ರ ಮೊದಲ ಚುನಾವಣೆ ನಡೆಸಿದ ಸುಕುಮಾರ್ ಸೇನ್ ದೊಡ್ಡ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉತ್ತರದ ಕೆಲವು ಪ್ರಾಂತಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿದ್ದರು. ಸೇನ್ ಹೆಸರು ಬೇಕೇ ಬೇಕು ಅಂದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಸೇನ್ ಮಾಡಿದ್ದೇ ಸರಿ, ಅದರಿಂದಲೇ ಮುಂದಿನ ಚುನಾವಣೆಗೆ ಹೆಂಗಸರು ಸ್ವಂತ ಹೆಸರಲ್ಲಿ ಬಂದರು ಅಂತ ಓದಿದವರು ಹೇಳ್ತಾರೆ. ತತ್ವ ಸರಿಯೇ. ಆದರೂ ನನಗೆ ಒಂದು ಅನುಮಾನ ಕಾಡುತ್ತೆ. ನಮ್ಮ ಅಜ್ಜಿಯೂ ಗಂಡನ ಹೆಸರು ಹೇಳದವಳೇ, ಪರ ಗಂಡಸು ಬಾಗಿಲಿಗೆ ಬಂದರೆ ತನ್ನ ಹೆಸರನ್ನೂ ಒಳಗಿನಿಂದ ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದಳು. ಆ 28 ಲಕ್ಷ ಮನೆಗಳಿಗೆ ಎರಡನೇ ಸಲ ಒಬ್ಬ ಹೆಂಗಸನ್ನೇ ಕಳಿಸಿ ಕೇಳಿಸಿದ್ದರೆ?

ಆ ಎರಡನೇ ಸಲ ಬಾಗಿಲಿಗೆ ಹೋಗುವ ಕೆಲಸಕ್ಕೆ ಈಗ ಹೆಸರಿದೆ. ಬಿಎಲ್‌ಒ, ಬೂತ್ ಮಟ್ಟದ ಅಧಿಕಾರಿ. 2006ರಿಂದ ಈ ವ್ಯವಸ್ಥೆ ಬಂದದ್ದು. ನಮ್ಮ ಬೂತಿನ ಬಿಎಲ್‌ಒ ಒಬ್ಬ ಅಂಗನವಾಡಿ ಕಾರ್ಯಕರ್ತೆ. ಮಕ್ಕಳಿಗೆ ಊಟ ಬಡಿಸಿ, ತೂಕ ಬರೆದು, ಬಾಣಂತಿಯರ ಲೆಕ್ಕ ಮುಗಿಸಿ, ಸಂಜೆ ಮೊಬೈಲ್ ಹಿಡಿದುಕೊಂಡು ಮನೆ ಮನೆ ತಿರುಗ್ತಾಳೆ. ವರ್ಷಕ್ಕೆ 6,000 ರೂಪಾಯಿ ಗೌರವಧನ ಇತ್ತು, 2025ರ ಆಗಸ್ಟಿನಲ್ಲಿ ಆಯೋಗ ಅದನ್ನು 12,000 ಮಾಡಿತು. ತಿಂಗಳಿಗೆ ಸಾವಿರ! ಅವಳ ಮೇಲೆ ಮತದಾರರ ನೋಂದಣಿ ಅಧಿಕಾರಿ, ಅವರ ಮೇಲೆ ಜಿಲ್ಲಾಧಿಕಾರಿ, ಅವರ ಮೇಲೆ ರಾಜ್ಯದ ಮುಖ್ಯ ಚುನಾವಣಾ ಅಧಿಕಾರಿ... ಏಣಿ ದೊಡ್ಡದು, ಆದರೆ ನಿಮ್ಮ ಮನೆ ಬಾಗಿಲು ಗೊತ್ತಿರೋದು ಅವಳೊಬ್ಬಳಿಗೇ.

ಇದು ಎಷ್ಟು ದೊಡ್ಡ ಮಾತು ಅನ್ನೋದಕ್ಕೆ ಕಲಬುರಗಿ ಜಿಲ್ಲೆಯ ಆಳಂದವನ್ನು ನೋಡಿ. 2022ರ ಡಿಸೆಂಬರಿನಲ್ಲಿ ಆ ಒಂದು ಕ್ಷೇತ್ರದಲ್ಲಿ ಹೆಸರು ತೆಗೆಯಿರಿ ಅಂತ ನಮೂನೆ 7ರಲ್ಲಿ ಆನ್‌ಲೈನ್ ಮೂಲಕ 6,018 ಅರ್ಜಿ ಬಂದವು. ಅರ್ಜಿದಾರರು ಅಂತ ನಮೂದಾಗಿದ್ದವರಿಗೆ ತಾವು ಅರ್ಜಿ ಹಾಕಿರೋದೇ ಗೊತ್ತಿರಲಿಲ್ಲ! ಒಬ್ಬ ಬಿಎಲ್‌ಒ ತಮ್ಮ ಸಂಬಂಧಿಕರ ಹೆಸರೇ ತೆಗೆಯುವ ಅರ್ಜಿ ಬಂದದ್ದನ್ನು ಕಂಡು ಅನುಮಾನಪಟ್ಟದ್ದರಿಂದ ವಿಷಯ ಹೊರಗೆ ಬಂತು ಅಂತ ಪತ್ರಿಕೆಗಳಲ್ಲಿ ಬಂತು. ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಸರಿಯಾದವು ಎಷ್ಟು ಗೊತ್ತಾ? 24. ಉಳಿದ 5,994 ಸುಳ್ಳು. ಅವನ್ನು ತಿರಸ್ಕರಿಸಿ, 2023ರ ಫೆಬ್ರವರಿಯಲ್ಲಿ ನೋಂದಣಿ ಅಧಿಕಾರಿಯೇ ಪೊಲೀಸರಿಗೆ ದೂರು ಕೊಟ್ಟರು. ಯಾರು ಮಾಡಿಸಿದ್ದು ಅನ್ನೋ ರಾಜಕೀಯ ಜಗಳ ಆಮೇಲೆ ದೆಹಲಿ ತನಕ ಹೋಯ್ತು, ಅದು ತನಿಖೆಯವರ ಕೆಲಸ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕಂಪ್ಯೂಟರಿಗೆ ಆರು ಸಾವಿರ ಅರ್ಜಿಯೂ ಒಂದೇ, ಆರೂ ಒಂದೇ. ಬಾಗಿಲು ತಟ್ಟಿ "ಇದು ನೀವು ಹಾಕಿದ್ದಾ?" ಅಂತ ಕೇಳಿದ ಸಣ್ಣ ನೌಕರರಿಂದ ಸುಮಾರು ಆರು ಸಾವಿರ ಜನರ ಹೆಸರು ಉಳಿಯಿತು. ಎರಡು ರೂಪಾಯಿ ತಕರಾರಿನಲ್ಲಿ ಏಜೆಂಟರನ್ನು ಮೊದಲು ಕೇಳ್ತೀವಲ್ಲ, ಅದೇ ಪ್ರಶ್ನೆ.

ಅದಕ್ಕೆ ಸರಿಯಾಗಿ ಉಲ್ಟಾ ನಡೆದದ್ದು ಬೆಂಗಳೂರಿನಲ್ಲಿ, ಅದೇ 2022ರಲ್ಲಿ. ಮತದಾರರ ಜಾಗೃತಿ ಮಾಡ್ತೀವಿ ಅಂತ ಅನುಮತಿ ಪಡೆದ ಖಾಸಗಿ ಸಂಸ್ಥೆಯೊಂದರ ಜನ ಬಿಎಲ್‌ಒ ಅಂತ ಕಾರ್ಡು ಹಾಕಿಕೊಂಡು ಮನೆಮನೆ ಮಾಹಿತಿ ಸಂಗ್ರಹಿಸಿದ ಆರೋಪ ಬಂತು. ಆಯೋಗ ಇಬ್ಬರು ಹಿರಿಯ ಅಧಿಕಾರಿಗಳನ್ನು ಅಮಾನತು ಮಾಡಿಸಿ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಆ ವರ್ಷ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಲು ಹೇಳಿತು. ಆ ಕಾರ್ಡಿಗೆ ಇರುವ ನಂಬಿಕೆ ಎಂಥದ್ದು ಅಂತ ಕಳ್ಳರಿಗೂ ಗೊತ್ತು ನೋಡಿ.

ಹೆಸರು ತೆಗೆಯುವ ಮುಂಚೆ ಆ ವ್ಯಕ್ತಿಗೆ ತಿಳಿಸಿ, ಅವನ ಮಾತು ಕೇಳಬೇಕು ಅನ್ನೋದು 1950ರ ಕಾಯ್ದೆಯಲ್ಲೇ ಇದೆ. 1990ರ ದಶಕದ ಶುರುವಿನಲ್ಲಿ ಮುಂಬೈ, ದೆಹಲಿಯ ಕೆಲವು ಬಡಾವಣೆಗಳಲ್ಲಿ ವಿದೇಶಿಯರು ಇರಬಹುದು ಅನ್ನೋ ಅನುಮಾನದ ಮೇಲೆ ಪಟ್ಟಿಯಲ್ಲಿದ್ದವರಿಂದಲೇ ಪೌರತ್ವದ ದಾಖಲೆ ಕೇಳಿದ್ದರು. (ಹೌದು, ನಮ್ಮ ಹೀರೋ ಶೇಷನ್ ಕಾಲದಲ್ಲೇ.) 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ರದ್ದು ಮಾಡಿತು. ಪಟ್ಟಿಯಲ್ಲಿ ಹೆಸರಿದೆ ಅಂದರೆ ಹಿಂದೊಬ್ಬ ಅಧಿಕಾರಿ ನೋಡಿಯೇ ಸೇರಿಸಿದ್ದಾನೆ ಅಂತ ಹಿಡಿಯಬೇಕು, ಅನುಮಾನ ಇದ್ದರೆ ಅದು ಯಾಕೆ ಅಂತ ಅವನಿಗೆ ತಿಳಿಸಬೇಕು, ಅವನು ಕೊಡುವ ಪುರಾವೆ ನೋಡಬೇಕು, ಆಮೇಲೆ ಸ್ವಂತ ಬುದ್ಧಿಯಿಂದ ತೀರ್ಮಾನ ಅಂದಿತು. ನೋಂದಣಿ ಅಧಿಕಾರಿ ಪೊಲೀಸರ ವರದಿಗೆ ಮೊಹರು ಒತ್ತುವ ಗುಮಾಸ್ತ ಅಲ್ಲ, ಒಂದು ರೀತಿಯ ನ್ಯಾಯಾಧೀಶ ಅಂತ ಅದರ ಅರ್ಥ.

2025ರ ಜೂನಿನಲ್ಲಿ ಬಿಹಾರದಲ್ಲಿ ವಿಶೇಷ ಪರಿಷ್ಕರಣೆ ಶುರುವಾದಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಇದೇ. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು 11 ದಾಖಲೆಗಳಲ್ಲಿ ಒಂದನ್ನಾದರೂ ಕೊಡಬೇಕು ಅಂದರು. ಆಗಸ್ಟ್ 1ರ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಪಟ್ಟಿಯಲ್ಲಿರಬಾರದು, ಅದನ್ನು ನಾನೂ ಒಪ್ತೀನಿ. ಹಳೇ ಪಟ್ಟಿ ಇಟ್ಟುಕೊಂಡೇ ಕಳ್ಳ ಮತ ಬೀಳೋದು. ಆದರೆ ಬಿಟ್ಟುಹೋದವರು ಯಾರು, ಕಾರಣ ಏನು ಅನ್ನೋ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿ ಅಂತ ಸುಪ್ರೀಂ ಕೋರ್ಟು ಆಗಸ್ಟ್ 14ರಂದು ಹೇಳಬೇಕಾಯ್ತು. ಆಧಾರ್ ಕೂಡ ಗುರುತಿಗೆ ತಗೊಳ್ಳಿ ಅಂತ ಸೆಪ್ಟೆಂಬರಿನಲ್ಲಿ ಹೇಳಬೇಕಾಯ್ತು. ಆಮೇಲೆ ಬೇರೆ ರಾಜ್ಯಗಳಲ್ಲಿ ಇದೇ ಕೆಲಸ ನಡೆದಾಗ ಒತ್ತಡ ತಾಳಲಾರದೆ ಬಿಎಲ್‌ಒಗಳು ಜೀವ ಕಳೆದುಕೊಂಡ ಸುದ್ದಿಗಳು ಬಂದವು. ತಿಂಗಳೊಂದರಲ್ಲಿ ಸಾವಿರಾರು ಫಾರಂ ಮುಗಿಸು ಅಂತ ಕೊಟ್ಟರೆ ಎರಡನೇ ಸಲ ಯಾವ ಬಾಗಿಲಿಗೆ ಹೋಗ್ತಾರೆ ಹೇಳಿ.

ಇನ್ನೊಂದು ತಮಾಷೆ. ಪಟ್ಟಿಯ ಕೆಲಸದಲ್ಲಿ ಬೇಕಂತಲೇ ಕರ್ತವ್ಯ ತಪ್ಪಿದ ಅಧಿಕಾರಿಗೆ 1950ರ ಕಾಯ್ದೆಯ 32ನೇ ಕಲಮಿನಲ್ಲಿ ಕನಿಷ್ಠ ಮೂರು ತಿಂಗಳು, ಎರಡು ವರ್ಷದ ತನಕ ಜೈಲು. ಮತದಾನದ ದಿನ ಕರ್ತವ್ಯ ತಪ್ಪಿದ ನನ್ನಂಥವನಿಗೆ 1951ರ ಕಾಯ್ದೆಯ 134ನೇ ಕಲಮಿನಲ್ಲಿ 500 ರೂಪಾಯಿ ತನಕ ದಂಡ. ಅಮ್ಮನನ್ನು ತಿರುಗಿಸಿ ಕಳಿಸಿದ್ದರೆ ಅಷ್ಟೇ. ಅದೂ ಯಾರಾದರೂ ಕೇಳಿದರೆ. ಅವರೇ ಕೇಳದೆ ಹೊರಟುಬಿಟ್ಟಿದ್ದರಲ್ಲ...

ಬಿಎಲ್‌ಒ ಮನೆಮನೆ ತಿರುಗಿ ತಯಾರು ಮಾಡುವ ಇನ್ನೊಂದು ಪಟ್ಟಿ ನಮ್ಮ ಕೈಗೆ ಬರುತ್ತೆ. ಎಎಸ್‌ಡಿ ಪಟ್ಟಿ ಅಂತಾರೆ. ಊರಲ್ಲಿಲ್ಲದವರು, ಮನೆ ಬದಲಿಸಿದವರು, ಸತ್ತವರು. ಇದರಲ್ಲಿ ಹೆಸರಿದ್ದರೆ ವೋಟು ಇಲ್ಲ ಅಂತ ಅರ್ಥ ಅಲ್ಲ, ಅವರು ಬಂದರೆ ಗುರುತನ್ನು ಹೆಚ್ಚು ಎಚ್ಚರಿಕೆಯಿಂದ ನೋಡಿ, ಸಹಿಯ ಜೊತೆ ಹೆಬ್ಬೆಟ್ಟೂ ತಗೊಂಡು ಹಾಕಿಸಬೇಕು ಅಂತ. 2024ರ ಲೋಕಸಭೆ ಚುನಾವಣೆಯಲ್ಲಿ ನನ್ನ ಬೂತಿಗೆ ಸತ್ತವರ ಪಟ್ಟಿಯಿಂದ ಒಬ್ಬರು ಎದ್ದು ಬಂದರು! ಎಪ್ಪತ್ತೈದು ದಾಟಿದ ಅಜ್ಜ, ಕೈಯಲ್ಲಿ ಊರುಗೋಲು, ತಲೆಗೆ ರುಮಾಲು. ಏಜೆಂಟರು ಎಲ್ಲ ಗೊಳ್ಳಂತ ನಕ್ಕರು. ಈ ಸಲ ಯಾರೂ ಎರಡು ರೂಪಾಯಿ ತೆಗೀಲಿಲ್ಲ. ಅಜ್ಜ ಚೀಟಿ ತೋರಿಸಿ, ಸಹಿ ಮಾಡಿ, ಹೆಬ್ಬೆಟ್ಟು ಒತ್ತಿ, "ಸತ್ತೋನ್ ಬೆರಳಿಗೂ ಶಾಯಿ ಹತ್ತುತ್ತೇನಪ್ಪಾ?" ಅಂತ ಕೇಳಿ ಒಳಗೆ ಹೋದರು.

ಸಂಜೆ ಬಿಎಲ್‌ಒ ಹುಡುಗಿಗೆ ಹೇಳಿದೆ. ಅವಳು ನಗಲಿಲ್ಲ. ಮನೆಗೆ ಹೋಗಿದ್ದಾಗ ದೊಡ್ಡ ಮಗ ಬಾಗಿಲಲ್ಲೇ ನಿಂತು "ಅಪ್ಪ ಹೋದ" ಅಂದನಂತೆ. ಅಣ್ಣತಮ್ಮಂದಿರಿಗೆ ಜಮೀನಿನ ಜಗಳ, ಅಪ್ಪ ಚಿಕ್ಕ ಮಗನ ಮನೆ ಸೇರಿಕೊಂಡಿದ್ದಾನೆ. ಮರಣ ಪ್ರಮಾಣಪತ್ರ ಕೇಳಿದ್ದಕ್ಕೆ "ಕೊಡ್ತೀವಿ" ಅಂದವನು ಕೊಡಲೇ ಇಲ್ಲ. ಕಾಗದ ಕೈಗೆ ಬರದೆ ಹೆಸರು ತೆಗೆಯೋಕೆ ಫಾರಂ ಹಾಕಲ್ಲ ಅಂತ ಇವಳೂ ಹಟ ಹಿಡಿದಿದ್ದಳು. ಮೇಲಿನವರು ಎರಡು ಸಲ ಫೋನ್ ಮಾಡಿ ಬಾಕಿ ಯಾಕೆ ಅಂತ ಕೇಳಿದ್ದರಂತೆ. ಅವಳು ವ್ಯಾನಿಟಿ ಬ್ಯಾಗಿನಿಂದ ತನ್ನ ನೋಟ್‌ಬುಕ್ ತೆಗೆದು, ಅಜ್ಜನ ಹೆಸರಿನ ಮುಂದೆ ಚಿಕ್ಕ ಮಗನ ಮನೆ ನಂಬರು ಬರೆದುಕೊಂಡಳು. ನಾನು 17ಸಿ ನಮೂನೆಗಳಿಗೆ ಸಹಿ ಹಾಕಿ, ಪ್ರತಿ ಏಜೆಂಟರಿಗೂ ಒಂದೊಂದು ಪ್ರತಿ ಕೊಟ್ಟು, ಯಂತ್ರಕ್ಕೆ ಸೀಲು ಹಾಕಿದೆ. ಬಸ್ಸು ಹಾರ್ನ್ ಹೊಡೀತಿತ್ತು.